ಅಳೆದುದು ಮತ್ತು ಊಹಿಸಿದುದು

2009ರ ಫೆಬ್ರವರಿಯಲ್ಲಿ ಗೂಗಲ್ ಅರ್ಥ್ ಎಂಬ ಗಣಕ ಭೂಪಟಕ್ಕೆ ಸಾಗರತಳದ ಚಿತ್ರಗಳು ಸೇರಿದಾಗ, ಆಫ್ರಿಕಾದ ಪಶ್ಚಿಮಕ್ಕೆ ಕೆನರಿ ದ್ವೀಪಗಳಾಚೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಒಂದು ವಿಸ್ಮಯವು ಗೋಚರಿಸಿತು. ನೇರವಾದ ರೇಖೆಗಳು ಒಂದನ್ನೊಂದು ಅಡ್ಡಹಾಯ್ದು, ಬೀದಿಗಳುಳ್ಳ ನಗರವೊಂದರ ನಕ್ಷೆಯಂತೆ ಕಾಣುತ್ತಿದ್ದವು. ಮುಳುಗಿಹೋದ ಅಟ್ಲಾಂಟಿಸ್ ನಗರವೇ ದೊರೆಯಿತೇನೋ ಎಂಬ ಸುದ್ದಿಯು ಪತ್ರಿಕೆಗಳಲ್ಲಿ ಬಂದಿತು. ಗೂಗಲ್ ಸಂಸ್ಥೆ ನೀಡಿದ ವಿವರಣೆಯು ತೀರ ಸರಳವಾಗಿತ್ತು: ಅವು ಸೋನಾರ್ ಯಂತ್ರದಿಂದ ಆಳವನ್ನು ಅಳೆಯುತ್ತ ಹಡಗುಗಳು ಸಾಗಿದ ದಾರಿಗಳು.

ಸೋನಾರ್ ಯಂತ್ರವು ನೀರಿನೊಳಕ್ಕೆ ಧ್ವನಿಯನ್ನು ಕಳುಹಿಸಿ, ತಳಕ್ಕೆ ತಾಗಿ ಮರಳುವ ಪ್ರತಿಧ್ವನಿಯ ಕಾಲವನ್ನು ಗಣಿಸುತ್ತದೆ. ಸಮುದ್ರದ ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ನಾಲ್ಕು ಸೆಕೆಂಡಿಗೆ ಪ್ರತಿಧ್ವನಿ ಮರಳಿದರೆ ಆಳವು 3000 ಮೀಟರ್. ಆದರೆ ಹಡಗು ಸಾಗಿದ ಪಟ್ಟಿಯಷ್ಟೇ ಹೀಗೆ ತಿಳಿಯುವುದು. ಉಳಿದ ಭಾಗಕ್ಕೆ ಉಪಗ್ರಹಗಳೇ ಆಧಾರ. ಸಾಗರದಡಿಯ ಪರ್ವತವು ತನ್ನ ಗುರುತ್ವದಿಂದ ನೀರನ್ನು ಸೆಳೆಯುವುದರಿಂದ ಮೇಲ್ಮೈ ಅಲ್ಲಿ ತುಸು ಉಬ್ಬಿರುತ್ತದೆ. ಆ ಉಬ್ಬನ್ನು ಅಳೆದು ಕೆಳಗಿನ ಪರ್ವತವನ್ನು ಅನುಮಾನಿಸಬಹುದು. ಸ್ಮಿತ್ ಮತ್ತು ಸ್ಯಾಂಡ್‌ವೆಲ್ ಎಂಬ ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದ ಜಗತ್ತಿನ ಸಾಗರತಳದ ನಕ್ಷೆಯು, ಹಡಗುಗಳ ಅಳತೆಯೊಡನೆ ಈ ಕ್ರಮವನ್ನೂ ಕೂಡಿಸಿಕೊಂಡು ರೂಪುಗೊಂಡಿತು. ಚಿಕ್ಕ ಗುಡ್ಡಗಳು ಈ ಅನುಮಾನಕ್ಕೆ ಸಿಕ್ಕುವುದಿಲ್ಲ. ನಕ್ಷೆಯಲ್ಲಿ ಆ ಭಾಗ ನುಣುಪಾಗಿಯೇ ಇರುತ್ತದೆ.

ವಿಚಿತ್ರವೆಂದರೆ, ನಿಜವಾಗಿ ಅಳೆದ ಪಟ್ಟಿಯೇ ನೋಡುವವರಿಗೆ ಕೃತಕವೆನಿಸಿತು; ಯಾರೂ ಅಳೆಯದ ನುಣುಪು ವಿಸ್ತಾರವು ಸಹಜವೆನಿಸಿತು. ಅಳೆದುದಕ್ಕೂ ಊಹಿಸಿದುದಕ್ಕೂ ಒಂದೇ ನೀಲಿ ಬಣ್ಣ ಬಳಿಯುವುದು ಅಸತ್ಯವಾಗುವುದೇ? ವಂಚಿಸುವ ಉದ್ದೇಶವಂತೂ ಅಲ್ಲಿ ಯಾರಿಗೂ ಇರಲಿಲ್ಲ.

ಇಲ್ಲಿ ಜೈನ ಪ್ರಮಾಣಶಾಸ್ತ್ರದ ವಿಭಾಗವು ನೆನಪಿಗೆ ಬರುತ್ತದೆ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ಇಂದ್ರಿಯ ಮನಸ್ಸುಗಳ ಮೂಲಕ ಬರುವ ಮತಿಜ್ಞಾನವನ್ನೂ ಶ್ರುತಜ್ಞಾನವನ್ನೂ ಪರೋಕ್ಷವೆಂದೇ ಎಣಿಸುತ್ತದೆ. ಆ ದೃಷ್ಟಿಯಲ್ಲಿ ಸೋನಾರಿನ ಪ್ರತಿಧ್ವನಿಯೂ ಪರೋಕ್ಷವೇ, ಉಪಗ್ರಹದ ಅನುಮಾನವೂ ಪರೋಕ್ಷವೇ. ಊಹಿಸಿದ್ದರಲ್ಲಿ ದೋಷವಿಲ್ಲ, ಊಹೆಯಿಲ್ಲದೆ ಸಾಗರದ ಬಹುಭಾಗ ಬರಿದಾಗಿಯೇ ಉಳಿಯುತ್ತಿತ್ತು. ನಯವೊಂದು ಉಳಿದ ನಯಗಳನ್ನು ಅಲ್ಲಗಳೆದಾಗ ದುರ್ನಯವಾಗುವಂತೆ, ಊಹೆಯು ತಾನು ಊಹೆಯೆಂಬುದನ್ನು ಮರೆಸಿದಾಗ ದೋಷ ಹುಟ್ಟುತ್ತದೆ.

ಇದು ಕೇವಲ ತರ್ಕದ ಮಾತಲ್ಲ. 2005ರ ಜನವರಿ 8ರಂದು ಅಮೆರಿಕದ ಜಲಾಂತರ್ಗಾಮಿ ನೌಕೆ ಸ್ಯಾನ್ ಫ್ರಾನ್ಸಿಸ್ಕೊ, ಗುವಾಮ್ ದ್ವೀಪದ ದಕ್ಷಿಣಕ್ಕೆ, ಸುಮಾರು 160 ಮೀಟರ್ ಆಳದಲ್ಲಿ ಅತಿವೇಗದಿಂದ ಸಾಗುತ್ತಿದ್ದಾಗ ಸಾಗರದೊಳಗಿನ ಪರ್ವತವೊಂದಕ್ಕೆ ಅಪ್ಪಳಿಸಿತು. 98 ಮಂದಿ ಗಾಯಗೊಂಡರು. ಒಬ್ಬ ನಾವಿಕ ಅಸುನೀಗಿದ. ಅವರು ಬಳಸುತ್ತಿದ್ದ ನಕ್ಷೆಯಲ್ಲಿ ಆ ಪರ್ವತವಿರಲಿಲ್ಲ. ನಕ್ಷೆಯ ತೆರವಿನ ಅರ್ಥ ‘ಇಲ್ಲಿ ಅಳೆದಿಲ್ಲ’ ಎಂದಷ್ಟೇ ಇರಬಹುದಾಗಿತ್ತು. ನೌಕೆಯು ಅದನ್ನು ‘ಇಲ್ಲಿ ಏನೂ ಇಲ್ಲ’ ಎಂಬಂತೆ ನಂಬಿ ಸಾಗಿತು. ಅದಕ್ಕಿಂತ ಮನಸ್ಸಿಗೆ ನಾಟುವ ಸಂಗತಿ ಇನ್ನೊಂದಿದೆ. ಆ ಪರಿಸರದಲ್ಲಿ ಅಪಾಯವಿದೆಯೆಂಬ ಸೂಚನೆಯುಳ್ಳ ಬೇರೆ ನಕ್ಷೆಗಳು ಅದೇ ನೌಕೆಯಲ್ಲಿದ್ದವು. ಅವುಗಳನ್ನು ಹೋಲಿಸಿ ನೋಡುವ ಕೆಲಸ ಸರಿಯಾಗಿ ನಡೆದಿರಲಿಲ್ಲ. ಆಗಮಗಳು ಹಿಂಸೆಯ ಮೂಲದಲ್ಲಿ ಪ್ರಮಾದವನ್ನು ಕಾಣುವುದು ಏಕೆಂಬುದನ್ನು ಆ ನಾವಿಕನ ಮನೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

2025ರ ವೇಳೆಗೂ ಸಾಗರತಳದ ಕಾಲುಭಾಗಕ್ಕಿಂತ ತುಸು ಹೆಚ್ಚಿನಷ್ಟು ಮಾತ್ರವೇ ಆಧುನಿಕ ಸೋನಾರಿನ ಅಳತೆಗೆ ಒಳಪಟ್ಟಿತ್ತು. 1903ರಲ್ಲಿ ಆರಂಭಗೊಂಡ ಜೆಬ್ಕೊ ಎಂಬ ಅಂತರರಾಷ್ಟ್ರೀಯ ನಕ್ಷಾಯೋಜನೆಯು ಈಗ ತನ್ನ ಗಣಕ ನಕ್ಷೆಯೊಡನೆ ಇನ್ನೊಂದು ಪಟವನ್ನೂ ನೀಡುತ್ತದೆ. ಪ್ರತಿಯೊಂದು ಚೌಕದ ಆಳವು ಅಳೆದುದೋ, ಉಪಗ್ರಹದಿಂದ ಊಹಿಸಿದುದೋ, ಎರಡು ಅಳತೆಗಳ ನಡುವೆ ಹೊಂದಿಸಿದುದೋ ಎಂಬುದನ್ನು ಅದು ಸಂಕೇತಸಂಖ್ಯೆಯಿಂದ ತಿಳಿಸುತ್ತದೆ. ಪ್ರಾಮಾಣಿಕತೆಗೆ ಇದಕ್ಕಿಂತ ನೇರವಾದ ಕ್ರಮ ಬೇರೊಂದಿರಲಾರದು. ಆದರೆ ಅದು ಪ್ರತ್ಯೇಕವಾದ ಪಟ. ಸುಂದರವಾದ ನೀಲಿ ಚಿತ್ರವನ್ನು ನೋಡಿದವರು ಅದನ್ನೂ ತೆರೆದು ನೋಡಬೇಕು.