ಕಡಲ ಕಾವಲು ಮುಗಿಸಿದ ವಿಮಾನ

ಮಂಗಳೂರಿನ ಬೋಳಾರದಲ್ಲಿ ಕಬ್ಬಿಣಕ್ಕೆ ಆಯುಷ್ಯ ಕಡಿಮೆ. ನೇತ್ರಾವತಿ ಕಡಲು ಸೇರುವ ಅಳಿವೆಯ ಕಡೆಯಿಂದ ಬೀಸುವ ಗಾಳಿಗೆ ಕಿಟಕಿಯ ಸರಳು, ಗೇಟಿನ ಕೀಲು, ಅಂಗಳದಲ್ಲಿ ನಿಲ್ಲಿಸಿಟ್ಟ ಸ್ಕೂಟರು ಎಲ್ಲವೂ ಕೆಲವೇ ಮಳೆಗಾಲಗಳಲ್ಲಿ ಕೆಂಪಗಾಗುತ್ತವೆ. ಇಲ್ಲಿ ತಾಳಿಕೊಂಡು ನಿಲ್ಲುವುದೆಂದರೆ ಕಾರ್ಖಾನೆಯಲ್ಲಿ ಸುಟ್ಟ ಹೆಂಚು ಮಾತ್ರ. ಇಂಥ ಗಾಳಿಯಲ್ಲಿ ಬದುಕುವ ನನಗೆ, ಇದೇ ಕಡಲಿನ ಬಡಗು ದಂಡೆಯಲ್ಲಿ, ಕಾರವಾರದ ಟ್ಯಾಗೋರ್ ತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಆ ದೈತ್ಯ ವಿಮಾನವನ್ನು ನೆನೆದಾಗಲೆಲ್ಲ ಬೆರಗಿನ ಬೆನ್ನಿಗೇ ಒಂದು ಆತಂಕವೂ ಹುಟ್ಟುತ್ತದೆ.

ಅದು ನೌಕಾಪಡೆಯ ಟುಪೊಲೆವ್-142 ಎಂ. ಐವತ್ತು ಮೀಟರಿಗೂ ಮಿಕ್ಕಿದ ಉದ್ದ, ಹತ್ತಿರಹತ್ತಿರ ಅಷ್ಟೇ ಅಗಲಕ್ಕೆ ಚಾಚಿದ ರೆಕ್ಕೆ. ನಾಲ್ಕು ಎಂಜಿನ್, ಒಂದೊಂದರ ಮೂತಿಯಲ್ಲೂ ಜೋಡಿ ಪ್ರೊಪೆಲ್ಲರ್, ಮುಂದಿನದು ಒಂದು ದಿಕ್ಕಿಗೆ ತಿರುಗಿದರೆ ಹಿಂದಿನದು ಅದರ ವಿರುದ್ಧ ದಿಕ್ಕಿಗೆ. 1988ರಲ್ಲಿ ಗೋವಾಕ್ಕೆ ಬಂದಿಳಿದ ಈ ಬಗೆಯ ಎಂಟು ವಿಮಾನಗಳು 1992ರಲ್ಲಿ ತಮಿಳುನಾಡಿನ ಅರಕ್ಕೋಣಂಗೆ ನೆಲೆ ಬದಲಿಸಿದವು. 2017ರ ಮಾರ್ಚ್ 29ರಂದು ಸೇವೆಯಿಂದ ನಿವೃತ್ತವಾದವು.

ಆ ಇಪ್ಪತ್ತೊಂಬತ್ತು ವರ್ಷ ಅವು ಮಾಡಿದ ಕೆಲಸವನ್ನು ನೆಲದ ಮೇಲಿನವರು ಯಾರೂ ಕಂಡವರಲ್ಲ. ನಡುಗಡಲಿಗೆ ಹೋಗಬೇಕು, ನೀರಿನಡಿ ಅಡಗಿದ ಜಲಾಂತರ್ಗಾಮಿಯನ್ನು ಹುಡುಕಬೇಕು. ಕಣ್ಣಿಗೆ ಕಾಣದ್ದನ್ನು ಕಿವಿಯಿಂದಲೇ ಹಿಡಿಯಬೇಕು. ವಿಮಾನದಿಂದ ಉದುರಿಸಿದ ತೇಲುಯಂತ್ರಗಳು ನೀರೊಳಗಿನ ಸದ್ದನ್ನು ಆಲಿಸಿ ರೇಡಿಯೊದಲ್ಲಿ ಮೇಲಕ್ಕೆ ಕಳಿಸುತ್ತಿದ್ದವು. ಭೂಮಿಯಲ್ಲೇ ಅತಿ ಗದ್ದಲದ ವಿಮಾನಗಳ ಸಾಲಿಗೆ ಸೇರಿದ ಯಂತ್ರವೊಂದರ ಹೊಟ್ಟೆಯೊಳಗೆ ಮನುಷ್ಯರು ಗಂಟೆಗಟ್ಟಲೆ ಕೂತು, ಕಡಲಾಳದ ಸಣ್ಣ ಸದ್ದಿಗೆ ಕಿವಿಗೊಟ್ಟಿದ್ದರು. ನನ್ನನ್ನು ಹಿಡಿದು ನಿಲ್ಲಿಸುವುದು ರೆಕ್ಕೆಯ ಅಳತೆಗಿಂತ ಹೆಚ್ಚಾಗಿ ಈ ಸಂಗತಿ.

ಕೊಲ್ಲುವುದಕ್ಕಾಗಿ ಕಟ್ಟಿದ ಯಂತ್ರದ ಮುಂದೆ ಬೆರಗುಪಡಬಹುದೇ ಎಂದು ಕೇಳಿಕೊಂಡಿದ್ದೇನೆ. ಇದರ ಮೂಲ ರೂಪ ಶೀತಲ ಸಮರದ ಕಾಲದ ಅಣುಬಾಂಬ್ ಹೊರುವ ವಿಮಾನ. ಅದನ್ನು ಮರೆಮಾಚಿ ಮಕ್ಕಳಿಗೆ ಬರೀ ಗಾತ್ರವನ್ನು ತೋರಿಸಿದರೆ ವಸ್ತುಸಂಗ್ರಹಾಲಯ ಸುಳ್ಳಾಡಿದಂತೆ. ಜೊತೆಗೆ, ನಮ್ಮ ನೌಕಾಪಡೆಯ ಕೈಯಲ್ಲಿ ಇವು 30 ಸಾವಿರ ಗಂಟೆ ಅಪಘಾತವಿಲ್ಲದೆ ಹಾರಿದವು ಎಂಬುದನ್ನೂ ಹೇಳಬೇಕು. ಆ ಮಾತಿನ ಹಿಂದೆ ಬೆಳಗಿನ ಜಾವ ಎದ್ದು ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡಿದ ಕೈಗಳಿವೆ.

ನಿವೃತ್ತ ಯುದ್ಧವಿಮಾನಗಳಲ್ಲಿ ಹೆಚ್ಚಿನವಕ್ಕೆ ಇಂಥ ಭಾಗ್ಯವಿಲ್ಲ. ಉಪಯೋಗಕ್ಕೆ ಬರುವ ಭಾಗಗಳನ್ನು ಕಳಚಿಕೊಳ್ಳುತ್ತಾರೆ, ಉಳಿದದ್ದು ಗುಜರಿಗೆ. ಅದೃಷ್ಟವಿದ್ದ ಕೆಲವನ್ನು ಇಂಧನ ಬಸಿದು, ಪೈಲಟ್ ಆಸನದ ಸಿಡಿಮದ್ದು ತೆಗೆದು, ವೃತ್ತಗಳಲ್ಲಿ, ಕಾಲೇಜುಗಳ ಮುಂದೆ ನಿಲ್ಲಿಸುತ್ತಾರೆ. ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯದಲ್ಲಿ ಮಾರುತ್ ಇದೆ. ಜರ್ಮನಿಯ ಕರ್ಟ್ ಟ್ಯಾಂಕ್ ವಿನ್ಯಾಸದಲ್ಲಿ ನಮ್ಮವರು ಕಟ್ಟಿ 1961ರಲ್ಲಿ ಹಾರಿಸಿದ್ದು. ಪರಶುರಾಮ ಎಂಬ ಡಕೋಟಾದ ಕಥೆಯೇ ಬೇರೆ. ಗುಜರಿ ಪಾಲಾಗಬೇಕಿದ್ದ ಅದನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ, 2018ರಲ್ಲಿ ಹಾರಿಸಿಕೊಂಡೇ ನಮ್ಮ ವಾಯುಪಡೆಗೆ ತಂದರು. ಕಡಲನ್ನು ಹಿಂದೆ ಸರಿಸಿ ಈ ಕರಾವಳಿಯನ್ನು ಪಡೆದವನ ಹೆಸರು ಒಂದು ಹಳೇ ವಿಮಾನಕ್ಕೆ ಬಂತಲ್ಲ ಎಂದು ತುಳುನಾಡಿನವನಾದ ನನಗೆ ಸಂತೋಷ.

ಕಾರವಾರದ ವಿಮಾನಕ್ಕೆ ಹಾರಿ ಬರುವ ಯೋಗ ಇರಲಿಲ್ಲ. ಇದರ ಒಡಹುಟ್ಟು ವಿಶಾಖಪಟ್ಟಣಕ್ಕೆ ಹಾರಿಯೇ ಹೋಗಿ ಅಲ್ಲಿನ ಕಡಲತೀರದ ಸಂಗ್ರಹಾಲಯವಾಯಿತು. ಇದನ್ನು ಮಾತ್ರ 2023ರಲ್ಲಿ ಅರಕ್ಕೋಣಂನಿಂದ ಬಿಡಿಬಿಡಿಯಾಗಿ ರಸ್ತೆಯ ಮೇಲೆ ತಂದು, ಮೊದಲೇ ಅಲ್ಲಿದ್ದ ಯುದ್ಧನೌಕೆ ಚಪಲ್‌ನ ಪಕ್ಕದಲ್ಲಿ ಮರುಜೋಡಿಸಿದರು. ಕಡಲು ಕಾದದ್ದನ್ನು ಕಡಲ ಎದುರಲ್ಲೇ ನಿಲ್ಲಿಸಿದ್ದು ಚೆಂದವೇ. ಆದರೆ ಅಮೆರಿಕದಲ್ಲಿ ಹಳೇ ವಿಮಾನಗಳನ್ನು ಅರಿಝೋನಾದ ಮರುಭೂಮಿಯಲ್ಲಿ ಇಡುವುದು ಸುಮ್ಮನೆ ಅಲ್ಲ. ಒಣಗಾಳಿಯಲ್ಲಿ ಲೋಹ ಬಾಳುತ್ತದೆ. ನಮ್ಮ ಗಾಳಿಯಲ್ಲಿ ಅಲ್ಯೂಮಿನಿಯಂ ಕೂಡ ಬಣ್ಣದಡಿಯಲ್ಲೇ ಬಿಳಿ ಪುಡಿಯಾಗಿ ಉದುರುತ್ತದೆ, ರಿವೆಟ್ಟಿನ ಸುತ್ತ ಮೊದಲು. ತಂದು ನಿಲ್ಲಿಸಿದ ದಿನದ ಉತ್ಸಾಹ ಪ್ರತಿ ಮಳೆಗಾಲದ ಆಚೆಗೂ ಬೇಕು: ಸಿಹಿನೀರಲ್ಲಿ ತೊಳೆಯುವವರು, ಬಣ್ಣ ಬಳಿಯುವವರು, ಅದಕ್ಕೆಂದೇ ತೆಗೆದಿಟ್ಟ ಹಣ.

ಲೋಹದ ಜೊತೆ ಅದರ ಸದ್ದನ್ನೂ ಉಳಿಸಬೇಕೆಂದು ನನ್ನ ಆಸೆ. ಆ ಎಂಟು ಪ್ರೊಪೆಲ್ಲರುಗಳ ಮೊರೆತವನ್ನು ಮಕ್ಕಳು ಅಲ್ಲೇ ನಿಂತು ಕೇಳುವಂತಾಗಲಿ. ಅದರ ಪಕ್ಕದಲ್ಲೇ, ವಿಮಾನದೊಳಗೆ ಕೂತಿದ್ದವರ ದನಿಯೂ ಇರಲಿ. ಅರ್ಧ ದಿನ ನೀರನ್ನಷ್ಟೇ ಕಂಡು ಹಿಂದಿರುಗುವಾಗ ಮೊದಲು ಕಣ್ಣಿಗೆ ಬಿದ್ದ ದಂಡೆ ಯಾವುದು, ಆ ಸದ್ದು ಮನೆಗೆ ಹೋದ ಮೇಲೂ ಕಿವಿಯಲ್ಲಿ ಎಷ್ಟು ಹೊತ್ತು ಇರುತ್ತಿತ್ತು ಎಂದು ಅವರನ್ನು ಈಗಲೇ ಕೂರಿಸಿಕೊಂಡು ಕೇಳಬೇಕು.