ನೋಡುವ ಕಣ್ಣು, ಬೇಡುವ ಕೈ

ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ವಲೆಟ್ಟಾ ಎಂಬ ಹಳೆಯ ನಗರವಿದೆ. 1566ರಲ್ಲಿ ಅಡಿಗಲ್ಲು ಬಿದ್ದ ಕೋಟೆಯ ಊರು. ಹೋದವರು ಬುರುಜು ಹತ್ತುತ್ತಾರೆ, ಸಂತ ಯೋಹಾನರ ಚರ್ಚಿನ ನೆಲದ ತುಂಬ ಹಾಸಿದ ಬಣ್ಣದ ಗೋರಿಗಲ್ಲುಗಳನ್ನು ಬೆರಗಿನಿಂದ ನೋಡುತ್ತಾರೆ. ಮನಸ್ಸಿಟ್ಟು ನೋಡುವುದೂ ಗೌರವವೇ. ಆದರೆ ಊರೊಂದನ್ನು ಅರಿಯಲು ಇನ್ನೊಂದು ದಾರಿ ನಮ್ಮ ಕಲಬುರಗಿ ಸೀಮೆಯಲ್ಲಿದೆ.

ಆಳಂದ ತಾಲೂಕಿನಲ್ಲಿ ಹುಟ್ಟುವ ಅಮರ್ಜಾ ನದಿ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡಿಕೊಳ್ಳುತ್ತದೆ. ಕೂಡಿದ ನೀರು ಜೇವರ್ಗಿ ಸೀಮೆಯತ್ತ ಹರಿಯುತ್ತದೆ. ವಿದರ್ಭದ ಕಾರಂಜಾದಲ್ಲಿ ಹುಟ್ಟಿದ ನೃಸಿಂಹ ಸರಸ್ವತಿ ಸ್ವಾಮಿಗಳು 15ನೇ ಶತಮಾನದಲ್ಲಿ ಗಾಣಗಾಪುರದಲ್ಲಿ ನೆಲೆಸಿದ್ದರು. ಅವರು ಶ್ರೀಶೈಲದತ್ತ ಹೊರಟಾಗ ಭಕ್ತರಿಗೆಂದು ಬಿಟ್ಟದ್ದು ನಿರ್ಗುಣ ಪಾದುಕೆ. ಅದರ ದರ್ಶನವೂ ಒಂದು ಕಿಂಡಿಯಿಂದಲೇ. ಕಣ್ಣಿಗೆ ಸಿಗುವುದು ಅಷ್ಟೇ.

ಮಧ್ಯಾಹ್ನವಾದರೆ ಯಾತ್ರಿಕರು ಮಾಧುಕರಿಗೆ, ಅಂದರೆ ಮನೆಮನೆಯ ಭಿಕ್ಷೆಗೆ, ಹೊರಡುತ್ತಾರೆ. ಕೈಯಲ್ಲೊಂದು ಜೋಳಿಗೆ ಇಲ್ಲವೆ ತಟ್ಟೆ. ಕಡಿಮೆಯೆಂದರೆ ಐದು ಮನೆಯಲ್ಲಿ ಬೇಡಬೇಕೆಂಬುದು ವಾಡಿಕೆ. ದುಡ್ಡಿದ್ದವರೂ ಬೇಡುತ್ತಾರೆ, ದೊಡ್ಡ ಹುದ್ದೆಯವರೂ ಬೇಡುತ್ತಾರೆ. ಹಾಕಿದಷ್ಟನ್ನು ಕಣ್ಣಿಗೊತ್ತಿಕೊಳ್ಳಬೇಕು, ಇದು ಬೇಡ, ಅದು ಕೊಡಿ ಎನ್ನುವಂತಿಲ್ಲ. ಗುರುಗಳೇ ಇಂದಿಗೂ ಯಾವುದೋ ವೇಷದಲ್ಲಿ ಈ ಹೊತ್ತಿಗೆ ಭಿಕ್ಷೆಗೆ ಬರುತ್ತಾರೆಂಬುದು ಊರವರ ನಂಬಿಕೆ. ಹಾಗಾಗಿ ನೀಡುವ ತಾಯಿ ಎದುರು ನಿಂತವರನ್ನು ಹಗುರವಾಗಿ ಕಾಣಲಾರಳು. ಬೇಡುವವರಿಗಂತೂ ತಮ್ಮ ದೊಡ್ಡಸ್ತಿಕೆಯನ್ನು ಹೊಸ್ತಿಲಾಚೆ ಇಳಿಸದೆ ಗತ್ಯಂತರವಿಲ್ಲ. ನೋಡಲು ಬಂದವರು ದೂರದಲ್ಲೇ ನಿಂತು ಹೋಗಬಹುದು. ಬೇಡಲು ಬಂದವರು ಬಾಗಿಲಿಗೇ ಹೋಗಬೇಕು, ಮುಖ ನೋಡಬೇಕು, ಕಾಯಬೇಕು.

ಬೇಡುವುದು, ನೀಡುವುದು ಅನ್ನಕ್ಕಷ್ಟೇ ಸೀಮಿತವಲ್ಲ. ಆಳಂದದ ಕಡಗಂಚಿಯ ಸಾಯಂದೇವರು ಈ ಗುರುವಿನ ಶಿಷ್ಯರು. ಅವರ ವಂಶದ ಸರಸ್ವತಿ ಗಂಗಾಧರರು ಬರೆದ ಗುರುಚರಿತ್ರೆ ಮರಾಠಿಯಲ್ಲಿದೆ. ಇಂದಿಗೂ ಸಂಗಮದ ಔದುಂಬರದ ನೆರಳಲ್ಲಿ ಭಕ್ತರು ಅದರ ಪಾರಾಯಣಕ್ಕೆ ಕೂರುತ್ತಾರೆ. ಮರಾಠಿ ಸೀಮೆಯಿಂದ ಬಂದ ಗುರುವಿಗೆ ಕನ್ನಡದ ಮನೆಗಳು ಅನ್ನವಿಟ್ಟವು. ಕನ್ನಡ ನೆಲದ ಮನೆತನವೊಂದು ಮರಾಠಿಗೆ ಗ್ರಂಥ ಕೊಟ್ಟಿತು. ಯಾರು ಯಾರಿಗೆ ಋಣಿ ಎಂದು ಗೆರೆ ಎಳೆಯುವುದು ಕಷ್ಟ. ಗಡಿಸೀಮೆಯ ಬಾಳ್ವೆಗೆ ಇದಕ್ಕಿಂತ ಗಟ್ಟಿಯಾದ ಬುನಾದಿ ಬೇರೆ ಬೇಕಿಲ್ಲ.

ನಾವು ಯಾವ ಊರಿಗೆ ಹೋದರೂ ಅಲ್ಲಿಯವರನ್ನು ಏನಾದರೂ ಕೇಳಿ ಪಡೆಯೋಣ. ಮೊಬೈಲು ತೋರುವ ದಾರಿಯನ್ನೇ ಕಟ್ಟೆಯ ಮೇಲಿನ ಅಜ್ಜನನ್ನು ಕೇಳೋಣ. ಬಾಟಲಿ ಇದ್ದರೂ ಒಂದು ಮನೆಯ ತಂಬಿಗೆ ನೀರು ಕುಡಿಯೋಣ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಹಿರಿಯರ ಮಾತು ಊರಿಗೂ ಸಲ್ಲುತ್ತದೆ, ಹೊಳೆಗೂ ಸಲ್ಲುತ್ತದೆ. ಅನ್ನದ ಋಣ ನೆನೆದವರು ಸಂಗಮದಲ್ಲಿ ಮಿಂದು ಹಳೆಬಟ್ಟೆಯನ್ನು ನೀರಿಗೆ ಬಿಟ್ಟು ಬರುವುದಿಲ್ಲ. ಅದೇ ನೀರು ಮುಂದೆ ಜೇವರ್ಗಿಯವರ ಪಾಲಿನದು ಎಂಬುದು ಅವರಿಗೆ ಗೊತ್ತಿರುತ್ತದೆ.