ಮೇಲಿನ ಕಣ್ಣು, ಕೆಳಗಿನ ತೂಬು

ಖಾಸಗಿ ರಾಕೆಟ್ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಮಸ್ಕ್, ಮಂಗಳ ಗ್ರಹ, ಕೋಟಿಗಟ್ಟಲೆ ಕೊಟ್ಟು ಬಾಹ್ಯಾಕಾಶ ನೋಡಿ ಬರುವ ಶ್ರೀಮಂತರು. ನನಗೆ ಮಾತ್ರ ಈಗೀಗ ಸಿದ್ದಾಪುರದ ನಮ್ಮ ಗದ್ದೆ ನೆನಪಾಗುತ್ತೆ.

ಕಾರಣ ಬೆಂಗಳೂರಿನ ಪಿಕ್ಸೆಲ್. 2019ರಲ್ಲಿ ಇಬ್ಬರು ಕಾಲೇಜು ಹುಡುಗರು ಶುರು ಮಾಡಿದ ಕಂಪನಿ. ಅವರಲ್ಲೊಬ್ಬರಾದ ಅವೈಸ್ ಅಹ್ಮದ್ ಚಿಕ್ಕಮಗಳೂರು ಜಿಲ್ಲೆಯವರು. 2025ರ ಜನವರಿಯಲ್ಲಿ ಅವರ ಮೂರು ‘ಫೈರ್‌ಫ್ಲೈ’ ಉಪಗ್ರಹಗಳು ಸ್ಪೇಸ್‌ಎಕ್ಸ್ ರಾಕೆಟ್ಟಿನಲ್ಲಿ ಮೇಲೆ ಹೋದವು. 5 ಮೀಟರ್ ಅಗಲದ ನೆಲದ ತುಂಡಿನಿಂದ ಬರುವ ಬೆಳಕನ್ನೂ ನೂರಕ್ಕೂ ಹೆಚ್ಚು ಬಣ್ಣಗಳಾಗಿ ಬಿಡಿಸಿ ನೋಡುತ್ತವೆ. ಬೆಳೆಗೆ ನೀರು ಸಾಲದಾಗಿದೆ ಅನ್ನೋದು ಎಲೆ ಬಾಡುವ ಮೊದಲೇ ಗೊತ್ತಾಗಬಹುದು. ಹೆಮ್ಮೆ ಪಡೋ ವಿಷಯವೇ.

ಆದರೆ ನಮ್ಮ ಕಡೆ ಕಾಣಬೇಕಾದ್ದು ಏನು? ತುಂಗಭದ್ರಾ ಎಡದಂಡೆ ಕಾಲುವೆ ಮಾಡುವಾಗ ಹೆಚ್ಚಿನ ನೆಲಕ್ಕೆ ಕಡಿಮೆ ನೀರಿನ ಬೆಳೆ ಅಂತಲೇ ಲೆಕ್ಕ ಹಾಕಿದ್ದರು. ಮೇಲ್ಭಾಗದ ಗಂಗಾವತಿ, ಕಾರಟಗಿ, ಸಿದ್ದಾಪುರದ ನಾವು ನೆಲ್ಲು ಹಚ್ಚಿದೆವು. ಕೊನೆ ಭಾಗದ ಮಾನ್ವಿ, ರಾಯಚೂರಿನ ಹೊಲಗಳಿಗೆ ನೀರು ಮುಟ್ಟದಾಯಿತು. ಅವರು ನೀರಿಗಾಗಿ ಮತ್ತೆ ಮತ್ತೆ ರಸ್ತೆಗಿಳಿಯುತ್ತಾರೆ. ನನ್ನ ಎಂಜಿನಿಯರಿಂಗ್ ಫೀಸು ಬಂದದ್ದು ಆ ನೆಲ್ಲಿನಿಂದಲೇ.

ಊರಿಗೆ ಹೋದಾಗ ದೊಡ್ಡಪ್ಪನಿಗೆ ಈ ಉಪಗ್ರಹದ ಸುದ್ದಿ ಹೇಳಿದೆ.

“ಲೇ ತಮ್ಮಾ, ಯಾರ ತೂಬು ಎಷ್ಟು ಎತ್ತೈತಿ ಅಂತ ಊರಿಗೇ ಗೊತ್ತೈತಿ. ಅದನ್ನ ನೋಡಾಕ ಆಕಾಶಕ್ಕ ಹೋಗಬೇಕೇನು?”

ಆಗ ನಕ್ಕೆ. ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ಮಾತು ಕಾಡಿತು. ಊರಿಗೆ ಗೊತ್ತಿರೋದು ಬೇರೆ, ದಾಖಲೆಯಾಗಿ ಕೈಗೆ ಸಿಗೋದು ಬೇರೆ. ಆ ಚಿತ್ರ ಮಾನ್ವಿಯ ರೈತನಿಗೆ ಸಿಕ್ಕರೆ ಅದು ಸಾಕ್ಷಿ. ಆದರೆ ಕಂಪನಿ ಚಿತ್ರವನ್ನು ಮಾರಲೇಬೇಕು, ಹಾಕಿದ ಬಂಡವಾಳ ಹುಟ್ಟಬೇಕು; ಅದು ತಪ್ಪಲ್ಲ. ಕೊಳ್ಳುವ ಶಕ್ತಿ ಇರೋದು ವಿಮಾ ಕಂಪನಿಗೆ, ದೊಡ್ಡ ವ್ಯಾಪಾರಿಗೆ. ಈ ಸಲದ ಇಳುವರಿ ಎಷ್ಟು ಅಂತ ಬೆಳೆದವನಿಗಿಂತ ಮೊದಲು ಕೊಳ್ಳುವವನಿಗೆ ಗೊತ್ತಾದರೆ ದರ ಹೇಳೋರು ಯಾರು?

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ 10 ಮೀಟರಿನ ಚಿತ್ರಗಳು ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತವೆ, ಯಾಕಂದ್ರೆ ಅದು ಸಾರ್ವಜನಿಕ ದುಡ್ಡು. ರಾಕೆಟ್ ಯಾರದು ಅನ್ನೋದು ನನ್ನ ತಕರಾರಲ್ಲ. ನೀರು ಹಂಚಿಕೆಯ ವಿಷಯದಲ್ಲಾದರೂ ಸರ್ಕಾರ ಆ ಚಿತ್ರಗಳನ್ನು ಕೊಂಡು ಕಾಲುವೆಯ ಎರಡೂ ತುದಿಯವರ ಮುಂದೆ ಇಡಬೇಕು.

ಹಾಗೆ ಇಟ್ಟ ದಿನ ನಮ್ಮ ಗದ್ದೆಯೂ ಅದರಲ್ಲಿ ಹಚ್ಚಗೆ ಕಾಣುತ್ತೆ. ದೊಡ್ಡಪ್ಪನಿಗೆ ಇದನ್ನಿನ್ನೂ ಹೇಳಿಲ್ಲ.